ಒಂಟೆಗೆ ಹುಲ್ಲು ಯಾವ ಕಡೆ?

ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ಪ್ರೈಮರಿ ಸ್ಕೂಲಿನ ಗೆಳೆಯ ಸಿಕ್ಕ. ಮುಖ ಸಪ್ಪಗಿತ್ತು. ಅವನ ಅಪ್ಪನಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯ್ತಾ ಇಲ್ಲ. ಆಪರೇಷನ್ ಆಗಲೇಬೇಕು ಅಂದಿದ್ದಾರೆ ಡಾಕ್ಟರು. ಚಾಚಾ ಮಾತ್ರ "ಅಲ್ಲಾಹ್ ಬರೆದಂಗೆ ಆಗುತ್ತೆ ಬಿಡು" ಅಂತ ಕೂತುಬಿಟ್ಟಿದ್ದಾರೆ. ನನಗೆ ಈ ಮಾತು ಹೊಸದೇನಲ್ಲ. ನಮ್ಮಜ್ಜಿನೂ "ಹಣೇಲಿ ಬರೆದದ್ದು" ಅಂತಲೇ ಕಣ್ಣಿನ ಪೊರೆ ತೆಗೆಸೋದನ್ನ ಮೂರು ವರ್ಷ ಮುಂದೂಡಿದ್ದಳು.

ದೇವರನ್ನು ನಂಬೋದು ಅಂದ್ರೆ ಕೈಕಟ್ಟಿ ಕೂರೋದಾ? ಈ ಪ್ರಶ್ನೆ ಇಸ್ಲಾಮಿನ ಮೊದಲ ಶತಮಾನದಲ್ಲೇ, ಅದೂ ಖಲೀಫರ ಮುಂದೆಯೇ ಬಂದಿತ್ತು.

ಕ್ರಿ.ಶ. 639ರ ಸುಮಾರು. ಎರಡನೇ ಖಲೀಫ ಉಮರ್ ಮದೀನಾದಿಂದ ಸಿರಿಯಾ ಕಡೆ ಹೊರಟಿದ್ದರು. ಸರ್ಗ್ ಎಂಬ ಜಾಗದಲ್ಲಿ ಸೇನಾಪತಿ ಅಬೂ ಉಬೈದಾ ಎದುರಾಗಿ, ಸಿರಿಯಾದಲ್ಲಿ ಪ್ಲೇಗ್ ಎದ್ದಿರುವ ಸುದ್ದಿ ಹೇಳಿದರು. ಇತಿಹಾಸದಲ್ಲಿ ಇದು ಅಮ್ವಾಸ್ ಪ್ಲೇಗ್. ಉಮರ್ ಹಿರಿಯರನ್ನು ಕರೆದು ಕೇಳಿದರು. ಕೆಲವರು ಮುಂದೆ ಹೋಗೋಣ ಅಂದರು, ಕೆಲವರು ಬೇಡ ಅಂದರು. ಕೊನೆಗೆ ಉಮರ್ ವಾಪಸ್ ಹೋಗುವ ತೀರ್ಮಾನ ಮಾಡಿದರು. ದೇವರ ವಿಧಿಯಿಂದ ಓಡಿಹೋಗೋದಾ ಅಂತ ಅಬೂ ಉಬೈದಾ ಕೇಳಿಯೇಬಿಟ್ಟರು.

ಉಮರ್ ಕೊಟ್ಟ ಉತ್ತರ ದನ ಕಾಯ್ದವರಿಗೆ ಥಟ್ಟನೆ ಅರ್ಥ ಆಗುವಂಥದ್ದು. ಹೌದು, ದೇವರ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಗೆ ಹೋಗ್ತಿದ್ದೇವೆ ಅಂದರು. ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು. ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ದೇವರ ವಿಧಿಯೇ ತಾನೆ ಎಂದು ಕೇಳಿದರು.

ಅಷ್ಟರಲ್ಲಿ ಅಬ್ದುರ್ರಹ್ಮಾನ್ ಇಬ್ನ್ ಔಫ್ ಬಂದರು. ಪ್ಲೇಗ್ ಇರುವ ನಾಡಿಗೆ ಹೋಗಬಾರದು, ಇರುವಲ್ಲೇ ಬಂದರೆ ತಪ್ಪಿಸಿಕೊಳ್ಳಲು ಹೊರಗೆ ಓಡಬಾರದು ಎಂದು ಪ್ರವಾದಿಯವರೇ ಹೇಳಿದ್ದನ್ನು ತಾನು ಕೇಳಿದ್ದೇನೆ ಅಂದರು. ಲಾಕ್‌ಡೌನ್ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಬೂ ಉಬೈದಾ ಸೈನ್ಯದ ಜೊತೆಗೇ ಉಳಿದರು, ಅದೇ ಪ್ಲೇಗಿಗೆ ತೀರಿಕೊಂಡರು. ಆಮೇಲೆ ನಾಯಕರಾದ ಅಮ್ರ್ ಇಬ್ನ್ ಅಲ್-ಆಸ್ ಜನರನ್ನು ಬೆಟ್ಟಗಳಿಗೆ ಚದುರಿಸಿದ ಮೇಲೆ ಕಾಯಿಲೆ ಇಳಿಯಿತು ಎನ್ನುತ್ತಾರೆ ಅರಬ್ ಇತಿಹಾಸಕಾರರು. ನಮ್ಮ ಕಡೆಯೂ ಪ್ಲೇಗ್ ಬಂದಾಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡಿದ್ರಲ್ಲ, ಜೊತೆಗೆ ಪ್ಲೇಗಮ್ಮನಿಗೆ ಪೂಜೆನೂ ಮಾಡ್ತಾ, ಹಾಗೆ.

ನಂಬಿಕೆ ಮತ್ತು ಮದ್ದು ಒಟ್ಟಿಗೇ ಸಾಗಿದ್ದಕ್ಕೆ ನನಗಿಷ್ಟವಾದ ಇನ್ನೊಂದು ಉದಾಹರಣೆ ಕೈರೋದ್ದು. ಕಲಾವೂನ್ ಎಂಬ ಸೇನಾಧಿಕಾರಿ ಡಮಾಸ್ಕಸ್‌ನಲ್ಲಿ ಕಾಯಿಲೆ ಬಿದ್ದಾಗ ಅಲ್ಲಿನ ನೂರುದ್ದೀನ್ ಆಸ್ಪತ್ರೆಯ ಔಷಧಿಯಿಂದ ಗುಣವಾದನಂತೆ. ದೇವರು ರಾಜ್ಯ ಕೊಟ್ಟರೆ ಆಸ್ಪತ್ರೆ ಕಟ್ಟಿಸ್ತೀನಿ ಅಂತ ಹರಕೆ ಹೊತ್ತ. ಸುಲ್ತಾನನಾದ ಮೇಲೆ 1284ರಲ್ಲಿ ಕಟ್ಟಿಸಿದ. ಬಡವ-ಬಲ್ಲಿದ, ಗಂಡು-ಹೆಣ್ಣು ಎಲ್ಲರಿಗೂ ಅಲ್ಲಿ ಚಿಕಿತ್ಸೆ. ಖರ್ಚಿಗೆ ವಕ್ಫ್ ಆಸ್ತಿಯ ಆದಾಯ. ಹರಕೆ ದೇವರಿಗೆ, ತೀರಿಸಿದ್ದು ರೋಗಿಗಳಿಗೆ!

ಹಾಗಂತ ಜಗಳವೇ ಇರಲಿಲ್ಲ ಅಂತಲ್ಲ. ರೋಗ ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ ಎಂದು ಧರ್ಮಗ್ರಂಥದ ಮಾತು ಹಿಡಿದು ವಾದಿಸಿದ ಪಂಡಿತರಿದ್ದರು. 14ನೇ ಶತಮಾನದ ಮಹಾಮಾರಿಯ ನಂತರ ಗ್ರನಾಡಾದ ವೈದ್ಯ, ಮಂತ್ರಿ ಇಬ್ನುಲ್ ಖತೀಬ್ ಅವರಿಗೆ ನೇರವಾಗಿ ಉತ್ತರ ಕೊಟ್ಟ. ರೋಗಿಯ ಬಟ್ಟೆ, ಪಾತ್ರೆ ಮುಟ್ಟಿದವರಿಗೆ ಕಾಯಿಲೆ ಬರೋದು, ದೂರ ಇದ್ದವರು ಉಳಿಯೋದು ಕಣ್ಣಿಗೆ ಕಾಣ್ತಿರುವಾಗ, ಗ್ರಂಥದ ಮಾತಿಗೆ ಬೇರೆ ಅರ್ಥ ಹುಡುಕಬೇಕು ಎಂಬುದು ಅವನ ವಾದ.

ಗೆಳೆಯನಿಗೆ ಉಮರ್ ಕತೆ ನೆನಪಿಸಿದೆ. ಅವನಿಗೂ ಗೊತ್ತಿತ್ತು, ಚಾಚಾಗೂ ಗೊತ್ತಿತ್ತು. ಪ್ಲೇಗಿನ ಕತೆ ಅಂದ್ಕೊಂಡಿದ್ರು ಅಷ್ಟೇ, ಕಾಲಿನ ಗಾಯಕ್ಕೂ ಅದು ಸಲ್ಲುತ್ತೆ ಅಂತ ಹೊಳೆದಿರಲಿಲ್ಲ. ಅವನು ಮಸೀದಿಯ ಹಜ್ರತ್ ಕೈಲೇ ಇನ್ನೊಮ್ಮೆ ಹೇಳಿಸಿದ. ಮುಂದಿನ ವಾರ ಚಾಚಾ ಫಜ್ರ್ ನಮಾಜ್ ಮುಗಿಸಿ, ಹಳೇ ರಿಪೋರ್ಟುಗಳ ಕವರ್ ಬಗಲಲ್ಲಿ ಇಟ್ಕೊಂಡು ಆಸ್ಪತ್ರೆಗೆ ಆಟೋ ಹತ್ತಿದರಂತೆ.