ರಿಮೋಟ್‌ಗೆ ಯಾಕೆ ಏಟು ಬೀಳತ್ತೆ?

ರಿಮೋಟ್ ಕೈಕೊಟ್ಟಾಗ ನೀವು ಮೊದಲು ಏನ್ ಮಾಡ್ತೀರಿ? ಅಂಗೈಗೆ ಎರಡು ಸಲ ಬಡೀತೀರಿ. ಆಮೇಲೆ ಹಿಂದಿನ ಮುಚ್ಚಳ ತೆಗೆದು ಸೆಲ್‌ಗಳನ್ನ ಬೆರಳಲ್ಲಿ ಉರುಳಿಸ್ತೀರಿ. ಆಮೇಲೆ ಗೋಡೆ ಗಡಿಯಾರದ ಸೆಲ್ ಕಿತ್ತು ಹಾಕ್ತೀರಿ. ಅದಕ್ಕೂ ಬಗ್ಗದಿದ್ದರೆ ವಾಲ್ಯೂಮ್ ಬಟನ್ ಮೇಲೆ ಹೆಬ್ಬೆರಳು ಊರಿ, ಹಲ್ಲು ಕಚ್ಚಿ ಒತ್ತುತ್ತೀರಿ. ಇಷ್ಟರಲ್ಲಿ ಮನೆಯಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳ್ತಾರೆ: "ಈಗಿನ ಸಾಮಾನು ಯಾವುದೂ ಬಾಳಿಕೆ ಬರಲ್ಲ ಕಣೋ."

ಆ ಮಾತು ಎಷ್ಟು ನಿಜ? ಇವತ್ತಿನ ಸಂಚಿಕೆ ಅದರ ಮೇಲೆ. ಉತ್ತರ ಸಿಗಬೇಕಾದರೆ ಮೊದಲು ಅಮೆರಿಕದ ಶಿಕಾಗೋಗೆ ಹೋಗಬೇಕು, ಅದೂ 1950ನೇ ಇಸವಿಗೆ.

ಅಲ್ಲಿ ಜೆನಿತ್ ಅಂತ ಒಂದು ರೇಡಿಯೋ, ಟಿವಿ ಕಂಪನಿ. ಅದರ ಯಜಮಾನ ಯೂಜೀನ್ ಮೆಕ್‌ಡೊನಾಲ್ಡ್‌ಗೆ ಟಿವಿ ಜಾಹೀರಾತು ಕಂಡರೆ ಆಗ್ತಿರಲಿಲ್ಲ. ಟಿವಿ ಮಾರುವವನಿಗೇ ಜಾಹೀರಾತು ಅಂದ್ರೆ ಅಲರ್ಜಿ! ಕೂತಲ್ಲಿಂದಲೇ ಅದರ ಬಾಯಿ ಮುಚ್ಚಿಸೋ ಸಾಧನ ಬೇಕು ಅಂತ ತನ್ನ ಇಂಜಿನಿಯರ್‌ಗಳ ಬೆನ್ನುಬಿದ್ದ. 1950ರಲ್ಲಿ ಬಂದಿದ್ದು 'ಲೇಜಿ ಬೋನ್ಸ್'. ಹೆಸರಲ್ಲೇ ಸೋಮಾರಿತನ ಇತ್ತು. ಟಿವಿಯಿಂದ ಕುರ್ಚಿವರೆಗೆ ಒಂದು ದಪ್ಪ ಕೇಬಲ್, ಬಟನ್ ಒತ್ತಿದರೆ ಟಿವಿಯೊಳಗಿನ ಮೋಟರ್ ಚಾನೆಲ್ ತಿರುಗಿಸೋದು. ಜನ ಆ ಕೇಬಲ್‌ಗೆ ಎಡವಿ ಬೀಳೋಕೆ ಶುರು ಮಾಡಿದರು.

1955ರಲ್ಲಿ ಅದೇ ಕಂಪನಿಯ ಯೂಜೀನ್ ಪಾಲಿ ವೈರ್ ಇಲ್ಲದ 'ಫ್ಲ್ಯಾಶ್-ಮ್ಯಾಟಿಕ್' ಮಾಡಿದ. ನೋಡೋಕೆ ಪಿಸ್ತೂಲ್ ಥರ, ಕೆಲಸದಲ್ಲಿ ಟಾರ್ಚ್. ಟಿವಿ ಪರದೆಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗುರುತಿಸೋ ನಾಲ್ಕು ಕಣ್ಣುಗಳು. ಯಾವ ಮೂಲೆಗೆ ಬೆಳಕು ಬಿಟ್ಟರೆ ಆ ಕೆಲಸ. ಚೆನ್ನಾಗಿತ್ತು. ಆದರೆ ಕಿಟಕಿಯಿಂದ ಬಿಸಿಲು ಬಿದ್ದರೂ ಟಿವಿ ತಾನೇ ಚಾನೆಲ್ ಬದಲಾಯಿಸಿಬಿಡ್ತಿತ್ತು.

ಮುಂದಿನ ವರ್ಷ, 1956ರಲ್ಲಿ, ಬಂದ ರಿಮೋಟ್ ನನಗೆ ಈ ಇಡೀ ಕಥೆಯಲ್ಲಿ ಅಚ್ಚುಮೆಚ್ಚು. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದಿದ್ದ ಭೌತಶಾಸ್ತ್ರಜ್ಞ ರಾಬರ್ಟ್ ಆಡ್ಲರ್ ಮಾಡಿದ 'ಸ್ಪೇಸ್ ಕಮಾಂಡ್'. ಒಳಗೆ ಸುಮಾರು ಎರಡೂವರೆ ಇಂಚಿನ ನಾಲ್ಕು ಅಲ್ಯೂಮಿನಿಯಂ ಕಡ್ಡಿಗಳು, ಒಂದೊಂದರ ಉದ್ದ ಒಂಚೂರು ಬೇರೆ. ಬಟನ್ ಒತ್ತಿದರೆ ಪುಟ್ಟ ಸುತ್ತಿಗೆ ಕಡ್ಡಿಗೆ ಟಣ್ ಅಂತ ಹೊಡೆಯುತ್ತೆ. ಕಡ್ಡಿ ಹಾಡೋ ಸ್ವರ ನಮ್ಮ ಕಿವಿಗೆ ಕೇಳದಷ್ಟು ಮೇಲಿನದು. ಟಿವಿಗೆ ಕೇಳಿಸುತ್ತೆ. (ನಾಯಿಗೂ ಕೇಳಿಸ್ತಿತ್ತು, ಪಾಪ.) ನಮಗೆ ಕೇಳ್ತಿದ್ದದ್ದು ಸುತ್ತಿಗೆಯ 'ಕ್ಲಿಕ್' ಮಾತ್ರ. ಅಮೆರಿಕದಲ್ಲಿ ರಿಮೋಟ್‌ಗೆ ಇವತ್ತೂ 'ಕ್ಲಿಕ್ಕರ್' ಅನ್ನೋದು ಅದಕ್ಕೇ.

ಗಮನಿಸಿ, ಅದರಲ್ಲಿ ಬ್ಯಾಟರಿ ಇರಲಿಲ್ಲ! ತಂತಿಯನ್ನ ಮೀಟಿದರೆ ವೀಣೆ ನುಡಿಯೋ ಹಾಗೆ, ಬರೀ ಹೊಡೆತದ ಶಕ್ತಿ. ಯಾಕೆ ಗೊತ್ತಾ? ಕಂಪನಿಯ ಮಾರಾಟ ವಿಭಾಗ ಬ್ಯಾಟರಿ ಬೇಡ ಅಂದಿತ್ತು. ಸೆಲ್ ಮುಗಿದರೆ ಗ್ರಾಹಕ ಟಿವಿಯೇ ಕೆಟ್ಟಿದೆ ಅಂದ್ಕೊಳ್ತಾನೆ ಅನ್ನೋದು ಅವರ ಭಯ. ರಿಮೋಟ್ ಕೆಟ್ಟರೆ ಮಾನ ಹೋಗೋದು ನಮ್ಮದು ಅಂತ ಕಂಪನಿ ಯೋಚಿಸಿದ ಕಾಲ ಅದು.

ಹಾಗಾದರೆ ಹಳೇದೇ ಚಿನ್ನ ಅಂತೀರಾ? ಸ್ವಲ್ಪ ತಡೀರಿ. ನಾನು ಬಿಕಾಂ ಓದಿದವನು, ಬಿಲ್ ನೋಡದೆ ಹೊಗಳಲ್ಲ. ಆ ಸ್ವರ ಹಿಡಿಯೋಕೆ ಟಿವಿಯೊಳಗೆ ಆರು ವ್ಯಾಕ್ಯೂಮ್ ಟ್ಯೂಬ್ ಹೆಚ್ಚಿಗೆ ಬೇಕಾಯ್ತು, ಟಿವಿಯ ಬೆಲೆ ಸುಮಾರು 30 ಪರ್ಸೆಂಟ್ ಏರಿತು. ಇವತ್ತು 20,000 ರೂಪಾಯಿಯ ಟಿವಿಗೆ ರಿಮೋಟ್ ಸಲುವಾಗಿ ಇನ್ನೂ 6,000 ಕೊಡಿ ಅಂದ್ರೆ ನಾವು ಅಂಗಡಿಯಿಂದ ಎದ್ದು ಬರ್ತೀವಿ. ಅದೂ ಎಷ್ಟು ಕೆಲಸಕ್ಕೆ? ಆನ್-ಆಫ್, ಚಾನೆಲ್ ಮೇಲೆ, ಚಾನೆಲ್ ಕೆಳಗೆ, ಮ್ಯೂಟ್. ನಾಲ್ಕೇ ಬಟನ್.

ಬಟನ್‌ಗಳು ಹೆಚ್ಚಾದ ಕಥೆ ಬ್ರಿಟನ್ನಿನದು. 1974ರಲ್ಲಿ ಬಿಬಿಸಿ 'ಸೀಫ್ಯಾಕ್ಸ್' ಅನ್ನೋ ಸೇವೆ ಶುರು ಮಾಡಿತು. ಟಿವಿ ಪರದೆ ಮೇಲೇ ಸುದ್ದಿ, ಹವಾಮಾನ ಓದೋ ವ್ಯವಸ್ಥೆ. ಒಂದೊಂದು ಪುಟಕ್ಕೂ ಮೂರಂಕಿಯ ನಂಬರ್. ಅಂದ್ರೆ 0ಯಿಂದ 9ರವರೆಗೆ ಬಟನ್ ಬೇಕೇ ಬೇಕು. ಕಡ್ಡಿ ಬಾರಿಸಿ ಅಷ್ಟೆಲ್ಲ ಹೇಳೋಕಾಗಲ್ಲ. ಹೀಗೆ 1980ರ ದಶಕದ ಹೊತ್ತಿಗೆ ಸ್ವರದ ಜಾಗಕ್ಕೆ ಇನ್‌ಫ್ರಾರೆಡ್ ಬಂತು. ರಿಮೋಟ್ ಮೂತಿಯ ಪುಟ್ಟ ಎಲ್‌ಇಡಿ ಕಣ್ಣಿಗೆ ಕಾಣದ ಬೆಳಕನ್ನ ಸೆಕೆಂಡಿಗೆ ಸುಮಾರು 38,000 ಸಲ ಮಿಟುಕಿಸುತ್ತೆ, ಆ ಮಿಟುಕಿನಲ್ಲೇ ಸಂದೇಶ. ಇಷ್ಟೊಂದು ಬಟನ್‌ಗೆ ಒಂದೊಂದು ಸ್ವಿಚ್ ಹಾಕಿದರೆ ಕಂಪನಿಗೆ ಪೂರೈಸಲ್ಲ. ಹಾಗಾಗಿ ಎಲ್ಲ ಬಟನ್‌ಗೂ ಸೇರಿ ಒಂದೇ ರಬ್ಬರ್ ಹಾಳೆ. ನಮ್ಮ ಹೆಬ್ಬೆರಳಿನ ಕಷ್ಟ ಹುಟ್ಟಿದ್ದು ಅಲ್ಲಿ.

ನಮ್ಮಲ್ಲಿ ತುಂಬಾ ವರ್ಷ ರಿಮೋಟ್‌ಗೆ ಕೆಲಸವೇ ಇರಲಿಲ್ಲ ಬಿಡಿ. ಇರೋದೇ ದೂರದರ್ಶನ, ಏನು ಬದಲಾಯಿಸ್ತೀರಿ? 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣ ಬಂತು. 1991ರ ನಂತರ ಕೇಬಲ್ ಬಂತು, 1994ರಲ್ಲಿ ಉದಯ ಟಿವಿ ಬಂತು. ಆಗ ಮನೆಮನೆಯಲ್ಲಿ ರಿಮೋಟ್ ಯಾರ ಕೈಲಿ ಅನ್ನೋ ಜಗಳವೂ ಬಂತು.

ಈಗ ಆ ರಬ್ಬರ್ ಹಾಳೆಯೊಳಗೆ ಹೋಗೋಣ. ಪ್ರತಿ ಬಟನ್‌ನ ಕೆಳಗೆ ಒಂದು ಕಪ್ಪು ಚುಕ್ಕಿ ಇದೆ, ಇಂಗಾಲ ಬೆರೆಸಿದ್ದು. ಅದರ ಕೆಳಗೆ ಸರ್ಕ್ಯೂಟ್ ಬೋರ್ಡ್ ಮೇಲೆ ಎರಡು ಬಾಚಣಿಗೆ ಹಲ್ಲುಗಳನ್ನ ಒಂದರೊಳಗೊಂದು ತೂರಿಸಿದ ಹಾಗೆ ಗೆರೆಗಳು, ಒಂದಕ್ಕೊಂದು ತಾಗದೆ. ನೀವು ಒತ್ತಿದಾಗ ಕಪ್ಪು ಚುಕ್ಕಿ ಇಳಿದು ಆ ಎರಡನ್ನೂ ಸೇರಿಸುತ್ತೆ. ಕರೆಂಟ್ ಹರಿಯಿತು, ಚಿಪ್‌ಗೆ ಗೊತ್ತಾಯ್ತು. ಇಷ್ಟೇ.

ಕೆಡೋದು ಹೇಗೆ? ನಮ್ಮ ಕೈಯ ಜಿಡ್ಡು ಅಂತ ಎಲ್ಲರೂ ಹೇಳ್ತಾರೆ. ಕೊಬ್ಬರಿ ಎಣ್ಣೆ ಕೈ, ಚಕ್ಕುಲಿ ತಿಂದ ಕೈ, ಎಲ್ಲ ನಿಜ. ಆದರೆ ದೊಡ್ಡ ಕಳ್ಳ ಒಳಗೇ ಇದ್ದಾನೆ. ಆ ಸಿಲಿಕೋನ್ ರಬ್ಬರ್ ವರ್ಷಗಟ್ಟಲೆ ಸಣ್ಣಗೆ ಎಣ್ಣೆ ಬೆವರುತ್ತೆ. ಹಳೇ ರಿಮೋಟ್ ಬಿಚ್ಚಿ ನೋಡಿ, ಬೋರ್ಡ್ ಮೇಲೆ ಅಂಟಂಟಾದ ಪದರ ಇರತ್ತೆ. ಎಣ್ಣೆ ಕರೆಂಟ್ ಬಿಡಲ್ಲ. ಜೊತೆಗೆ ಕಪ್ಪು ಚುಕ್ಕಿಯೂ ಸವೆದಿರತ್ತೆ. ಅಡ್ಡಿ ಹೆಚ್ಚುತ್ತಾ ಹೋಗಿ ಒಂದು ದಿನ ಚಿಪ್‌ಗೆ ನಿಮ್ಮ ಒತ್ತು ಒತ್ತು ಅಂತಲೇ ಅನಿಸಲ್ಲ. ಜೋರಾಗಿ ಒತ್ತಿದರೆ ಎಣ್ಣೆ ಪಕ್ಕಕ್ಕೆ ಸರಿದು ಒಂದು ಸಲ ಕೆಲಸ ಮಾಡತ್ತೆ. ಅದಕ್ಕೇ ಹಲ್ಲು ಕಚ್ಚಿ ಒತ್ತೋದು ಫಲ ಕೊಡೋದು. ಪವರ್, ವಾಲ್ಯೂಮ್ ಬಟನ್ ಮೊದಲು ಹೋಗತ್ತೆ, ಯಾರೂ ಮುಟ್ಟದ ಬಟನ್‌ಗಳು ಹೊಸದರಂತೆ ಇರತ್ತೆ.

ಇನ್ನು ನಮ್ಮ ಮನೆಗಳ ಪ್ರಸಿದ್ಧ ಪ್ಲಾಸ್ಟಿಕ್ ಕವರ್. ರಿಮೋಟ್ ತಂದ ದಿನವೇ ಕವರ್ ಹಾಕಿ ರಬ್ಬರ್ ಬ್ಯಾಂಡ್ ಸುತ್ತೋ ಸಂಪ್ರದಾಯ. ನಗಬೇಡಿ, ಹೊರಗಿನ ಧೂಳು, ಜಿಡ್ಡು, ಮಲೆನಾಡಿನ ಮಳೆಗಾಲದ ತೇವ, ಎಲ್ಲಕ್ಕೂ ಅದು ಒಳ್ಳೆಯ ತಡೆ. ಒಳಗಿನ ಬೆವರಿಗೆ ಮಾತ್ರ ಅದು ಏನೂ ಮಾಡಲಾರದು.

ಅಂಗೈಗೆ ಬಡಿಯೋದು ಯಾಕೆ ಕೆಲಸ ಮಾಡತ್ತೆ ಅಂದ್ರೆ, ಸೆಲ್ ತುದಿ ಮತ್ತು ಸ್ಪ್ರಿಂಗ್ ನಡುವೆ ಕಿಲುಬು ಕೂತಿರತ್ತೆ. ಬಡಿದಾಗ, ಉರುಳಿಸಿದಾಗ ಅದು ಕೆರೆದುಹೋಗಿ ಸಂಪರ್ಕ ಸಿಗತ್ತೆ. ಅಗ್ಗದ ಜಿಂಕ್ ಸೆಲ್‌ನಲ್ಲಿ ಹೊರಗಿನ ಸತುವಿನ ಡಬ್ಬಿಯೇ ಕರಗಿ ಕರೆಂಟ್ ಕೊಡೋದು. ತಿಂಗಳುಗಟ್ಟಲೆ ಮರೆತರೆ ಡಬ್ಬಿ ತೂತಾಗಿ ಸೋರಿ ಸ್ಪ್ರಿಂಗನ್ನೇ ತಿಂದುಹಾಕತ್ತೆ. ಗಡಿಯಾರದ ಸೆಲ್ ವಿಷಯ ಮಾತ್ರ ನಾವು ಉಲ್ಟಾ ಮಾಡ್ತಿದ್ದೀವಿ. ಎಲ್‌ಇಡಿ ಮಿಟುಕೋಕೆ ಒಮ್ಮೆಲೇ ಜಾಸ್ತಿ ಕರೆಂಟ್ ಬೇಕು, ಗಡಿಯಾರಕ್ಕೆ ಚೂರೇ ಸಾಕು. ರಿಮೋಟ್‌ನಲ್ಲಿ ಸತ್ತ ಸೆಲ್ ಗಡಿಯಾರದಲ್ಲಿ ಇನ್ನೂ ಕೆಲವು ತಿಂಗಳು ಬದುಕತ್ತೆ.

ಈಗ ಮೊದಲ ಪ್ರಶ್ನೆ. ಗುಣಮಟ್ಟ ಇಳಿದಿದೆಯಾ? ನನ್ನ ಸೋದರಮಾವ ತಿಪಟೂರಿನಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದರು. ಅವರನ್ನ ಕೇಳಿದೆ. "ಹಳೇ ಟಿವಿ ಕೆಡದೇ ಇದ್ದಿದ್ರೆ ನನ್ನ ಅಂಗಡಿ ಹೇಗೆ ನಡೀತಿತ್ತೋ?" ಅಂದರು. ಸರಿಯಾದ ಮಾತು. ನಮ್ಮ ಕಣ್ಣಿಗೆ ಕಾಣೋದು ಇವತ್ತಿಗೂ ಉಳಿದಿರೋ ಹಳೇ ಸಾಮಾನು ಮಾತ್ರ. ಕೆಟ್ಟು ಗುಜರಿಗೆ ಹೋದದ್ದನ್ನ ಯಾರೂ ಲೆಕ್ಕ ಇಟ್ಟಿಲ್ಲ. ಪಿಕ್ಚರ್ ಟ್ಯೂಬ್ ಹೋಗ್ತಿತ್ತು, ಬೆಸುಗೆ ಬಿಡ್ತಿತ್ತು. ಆದರೆ 1990ರ ದಶಕದಲ್ಲಿ ಕಲರ್ ಟಿವಿ ಅಂದ್ರೆ ಒಬ್ಬ ಗುಮಾಸ್ತರ ಎಷ್ಟೋ ತಿಂಗಳ ಸಂಬಳ. ಅದರ ಮುಂದೆ ರಿಪೇರಿ ಖರ್ಚು ಏನೂ ಅಲ್ಲ. ಈಗ ಟಿವಿ ಅಗ್ಗ, ಮನುಷ್ಯನ ಒಂದು ಗಂಟೆಯ ದುಡಿಮೆ ದುಬಾರಿ. ಮಾವನ ಅದೇ ಅಂಗಡಿಯಲ್ಲಿ ಈಗ ಮೊಬೈಲ್ ಕವರ್, ಸ್ಕ್ರೀನ್ ಗಾರ್ಡ್ ಮಾರಾಟ. ಬೆಸುಗೆ ಹಾಕೋ ಕಡ್ಡಿ ಡ್ರಾಯರ್‌ನಲ್ಲಿದೆ.

ನನ್ನ ಮಟ್ಟಿಗೆ ಇಳಿದಿರೋದು ಬಾಳಿಕೆಗಿಂತ ಹೆಚ್ಚಾಗಿ, ಸರಿಮಾಡೋ ದಾರಿ. ಮಾವ ಎರಡು ರಿಮೋಟ್ ಬಿಚ್ಚಿ ಪಕ್ಕಪಕ್ಕ ಇಟ್ಟು ತೋರಿಸಿದರು. ಹಳೆಯದರಲ್ಲಿ ಸ್ಕ್ರೂ, ಗಟ್ಟಿ ಬೋರ್ಡ್, ಕಾಲುಗಳಿರೋ ಚಿಪ್. ಹೊಸದರಲ್ಲಿ ಸ್ಕ್ರೂ ಇಲ್ಲ, ಪ್ಲಾಸ್ಟಿಕ್ ಕೊಕ್ಕೆಗಳು, ತೆಗೆಯುವಾಗಲೇ ಒಂದು ಮುರಿಯಿತು. ಬೋರ್ಡ್ ಕಂದು ಬಣ್ಣದ ರಟ್ಟಿನಂಥದ್ದು. ಚಿಪ್ ಅಂತೂ ಒಂದು ಕಪ್ಪು ಅಂಟಿನ ಹನಿಯ ಕೆಳಗೆ ಹೂತುಹೋಗಿದೆ, ಬದಲಾಯಿಸೋ ಮಾತೇ ಇಲ್ಲ. ಕಾಸ್ಟ್ ಅಕೌಂಟಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಒಂದು ಸ್ಕ್ರೂ ಉಳಿದರೆ ಲಕ್ಷ ರಿಮೋಟ್‌ಗೆ ಲಕ್ಷ ಸ್ಕ್ರೂ ಉಳೀತು, ಅದನ್ನ ಬಿಗಿಯೋ ಸಮಯವೂ ಉಳೀತು. ಆ ಉಳಿತಾಯದಲ್ಲಿ ಒಂದಿಷ್ಟು ನಮಗೂ ಕಡಿಮೆ ಬೆಲೆಯಾಗಿ ಬಂದಿದೆ, ಸುಳ್ಳು ಹೇಳಬಾರದು.

ಆದರೆ ಪೆಟ್ಟು ಬೀಳೋದು ಯಾರಿಗೆ? ನಮಗೆ ಫೋನ್ ಇದೆ, ಫೋನನ್ನೇ ರಿಮೋಟ್ ಮಾಡ್ಕೊಳ್ತೀವಿ. ನನ್ನ ಅಜ್ಜಿಗೆ ಚಾನೆಲ್ ಹೆಸರು ಮುಖ್ಯ ಅಲ್ಲ, ನಂಬರ್ ಬಾಯಿಪಾಠ. ಸ್ಮಾರ್ಟ್ ಟಿವಿಯ ರಿಮೋಟ್‌ನಲ್ಲಿ ನಂಬರ್‌ಗಳೇ ಇಲ್ಲ. ಅವುಗಳ ಜಾಗದಲ್ಲಿ ಒಟಿಟಿ ಕಂಪನಿಗಳ ಹೆಸರಿನ ಬಟನ್, ಆ ಜಾಗಕ್ಕೆ ಕಂಪನಿಗಳು ದುಡ್ಡು ಕೊಡತ್ತೆ. ಜಾಹೀರಾತಿನ ಬಾಯಿ ಮುಚ್ಚಿಸೋಕೆ ಹುಟ್ಟಿದ ಸಾಧನದ ಮೇಲೇ ಜಾಹೀರಾತು! ಮೆಕ್‌ಡೊನಾಲ್ಡ್ ಇದ್ದಿದ್ರೆ ಏನಂತಿದ್ದನೋ. ಇರೋ ಕೆಲವೇ ಬಟನ್‌ನಲ್ಲಿ ಒಂದು ಹೋದರೆ ಅಜ್ಜಿಯ ಮಧ್ಯಾಹ್ನದ ಧಾರಾವಾಹಿ ಹೋಯ್ತು, ಸಂಜೆ ನಾವ್ಯಾರಾದ್ರೂ ಮನೆಗೆ ಬರೋವರೆಗೆ ಟಿವಿ ಕಪ್ಪು.

ಯುರೋಪಿನಲ್ಲಿ ಇದಕ್ಕೊಂದು ಕಾನೂನೇ ಇದೆ. 2021ರ ಮಾರ್ಚ್‌ನಿಂದ ಅಲ್ಲಿ ಟಿವಿ ಮಾರುವವರು, ಆ ಮಾಡೆಲ್‌ನ ಕೊನೆಯ ಟಿವಿ ಮಾರುಕಟ್ಟೆಗೆ ಬಿಟ್ಟ ಮೇಲೂ 7 ವರ್ಷ ಬಿಡಿಭಾಗ ಒದಗಿಸಬೇಕು. ಕೆಲವು ಭಾಗ ಮೆಕ್ಯಾನಿಕ್‌ಗಳಿಗೆ ಮಾತ್ರ, ಆದರೆ ರಿಮೋಟ್ ಮಾತ್ರ ಸಾಮಾನ್ಯ ಗ್ರಾಹಕನಿಗೂ ಸಿಗಬೇಕು ಅಂತ ಹೆಸರು ಹಿಡಿದು ಬರೆದಿದ್ದಾರೆ. ನಮ್ಮ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಆಮೇಲೆ ಒಂದು ಪೋರ್ಟಲ್ ಕೂಡ ಬಂತು. ನಮ್ಮಲ್ಲಿ ಈ ಹಕ್ಕನ್ನ ನಿಜವಾಗಿ ಕಾಪಾಡ್ತಿರೋದು ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಬೀದಿಗಳು ಅಂತ ನನ್ನ ಅಭಿಪ್ರಾಯ. ಮಾವಿನೆಲೆ ತೋರಣದ ಥರ ರಿಮೋಟ್ ನೇತುಹಾಕಿರ್ತಾರೆ, ಹಳೇದರ ಫೋಟೋ ತೋರಿಸಿದರೆ ಅದೇ ಸಂಕೇತ ಕಳಿಸೋ ಡೂಪ್ಲಿಕೇಟ್ 150-200 ರೂಪಾಯಿಗೆ ಕೈಗೆ ಬರತ್ತೆ.

ಅಲ್ಲಿಗೆ ಹೋಗೋ ಮುಂಚೆ ಒಂದು ಪರೀಕ್ಷೆ ಮಾಡಿ. ಫೋನಿನ ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ರಿಮೋಟ್ ಮೂತಿ ಅದರ ಕಡೆ ಹಿಡಿದು ಬಟನ್ ಒತ್ತಿ. ನೇರಳೆ ಬೆಳಕು ಮಿಟುಕಿದರೆ ಎಲ್‌ಇಡಿ, ಸೆಲ್ ಎರಡೂ ಸರಿ ಇದೆ. (ಬ್ಲೂಟೂತ್ ರಿಮೋಟ್‌ಗೆ ಈ ಪರೀಕ್ಷೆ ನಡೆಯಲ್ಲ.) ಕೆಲವು ಬಟನ್‌ಗೆ ಮಿಟುಕಿ ಕೆಲವಕ್ಕೆ ಮಿಟುಕದಿದ್ದರೆ ತಪ್ಪು ರಬ್ಬರ್ ಹಾಳೆಯದ್ದು. ಸೆಲ್ ತೆಗೆದು, ಬಿಚ್ಚಿ, ಹಾಳೆಯನ್ನ ಸೋಪು ನೀರಲ್ಲಿ ಮೆತ್ತಗೆ ತೊಳೀರಿ. ಕಪ್ಪು ಚುಕ್ಕಿಗಳನ್ನ ಉಜ್ಜಬೇಡಿ. ಬೋರ್ಡನ್ನ ಮೆಡಿಕಲ್ ಶಾಪ್‌ನ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಲ್ಲಿ ಒರೆಸಿ. ಪೆಟ್ರೋಲ್, ಥಿನ್ನರ್ ಖಂಡಿತಾ ಬೇಡ. ಚುಕ್ಕಿ ಪೂರ್ತಿ ಸವೆದಿದ್ದರೆ ಮೆತ್ತನೆ ಪೆನ್ಸಿಲ್‌ನಿಂದ ಅದರ ಮೇಲೆ ತೀಡಿ, ಸ್ವಲ್ಪ ದಿನಕ್ಕಾದರೂ ಜೀವ ಬರತ್ತೆ. ಹಾಳೆ ರಾತ್ರಿಯೆಲ್ಲ ಒಣಗಲಿ, ಜೋಡಿಸೋದು ಬೆಳಿಗ್ಗೆ. ಒಂದು ರಾತ್ರಿ ಟಿವಿ ಇಲ್ಲ ಅಂತ ಮನೆಯವರಿಗೆ ಮೊದಲೇ ಹೇಳಿರಿ.