ದುಡ್ಡು ಯಾರದು, ಬಾಗಿಲು ಯಾರದು

ಪಂಚಾಯ್ತಿ, ಪುರಸಭೆಗಳು ಶಾಲೆಗೂ ಆಸ್ಪತ್ರೆಗೂ ಹೆಚ್ಚು ಖರ್ಚು ಮಾಡಿದರೆ ಜನರ ಬದುಕು ಸುಧಾರಿಸುತ್ತದೆ ಅಂತ ಅರ್ಥಶಾಸ್ತ್ರದವರು ಲೆಕ್ಕ ಕೊಡುತ್ತಾರೆ. ಲೆಕ್ಕ ಸುಳ್ಳಲ್ಲ. ಆದರೆ ಖರ್ಚಾದ ದುಡ್ಡು ಹೊಲಗೇರಿಗೆ ಮುಟ್ಟಿತೋ ಇಲ್ಲವೋ ಅನ್ನೋದನ್ನು ಚರಿತ್ರೆಯಲ್ಲೇ ಹುಡುಕಬೇಕು.

1856ರ ಜೂನ್ ತಿಂಗಳು. ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗ ಕೇಳಿದ. ಒಬ್ಬನಿಗಾಗಿ ಬಾಗಿಲು ತೆರೆದರೆ ಉಳಿದವರಿಗೆ ಶಾಲೆಯೇ ಪ್ರಯೋಜನಕ್ಕಿಲ್ಲದಂತಾಗುತ್ತದೆ ಎಂದು ಮುಂಬಯಿ ಸರ್ಕಾರ ನಿರಾಕರಿಸಿತು. ಈ 'ಉಳಿದವರು' ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು, ಸರ್ಕಾರದ ಹಣದಲ್ಲೇ ನಡೆಯುವ ಶಾಲೆ ಎಲ್ಲರಿಗೂ ತೆರೆದಿರಬೇಕು ಅಂದರು. ಕಾಗದ ಬಂತು, ಬಾಗಿಲು ಮಾತ್ರ ಅಲುಗಲಿಲ್ಲ.

1860ರ ದಶಕದಲ್ಲಿ ಮುಂಬಯಿ ಪ್ರಾಂತ್ಯ ಭೂಕಂದಾಯದ ಜೊತೆ ರೂಪಾಯಿಗೆ 1 ಆಣೆ ಸ್ಥಳೀಯ ಸೆಸ್ ಎತ್ತತೊಡಗಿತು. ಮೂರರಲ್ಲಿ ಎರಡು ಪಾಲು ರಸ್ತೆಗೆ, ಒಂದು ಪಾಲು ಶಾಲೆಗೆ. ಧಾರವಾಡ ಸೀಮೆಯ ಹಳ್ಳಿಶಾಲೆಗಳಿಗೂ ಇದೇ ದುಡ್ಡು. ಸೆಸ್ ಕಟ್ಟಿದವನು ಹೊಲದೊಡೆಯ ತಾನೆ ಅಂತೀರಾ? ಆ ಹೊಲದಲ್ಲಿ ಬೆನ್ನು ಬಗ್ಗಿಸಿದವರು ಯಾರು? ಜೋತಿಬಾ ಫುಲೆ 1882ರಲ್ಲಿ ಹಂಟರ್ ಆಯೋಗದ ಮುಂದೆ ಎತ್ತಿದ್ದು ಇದನ್ನೇ. ಬೊಕ್ಕಸ ತುಂಬೋದು ರೈತರ ಬೆವರು, ವಿದ್ಯೆ ಪಡೆಯೋರು ಮೇಲಿನವರು. 12 ವರ್ಷದವರೆಗಾದರೂ ಕಡ್ಡಾಯ ಶಿಕ್ಷಣ ಕೊಡಿ ಅಂದರು. ಆಯೋಗ ಪುರಸಭೆ, ಸ್ಥಳೀಯ ನಿಧಿಗಳ ಶಾಲೆಯಲ್ಲೂ ಜಾತಿಯ ಕಾರಣಕ್ಕೆ ತಡೆಯಬಾರದೆಂದು ಒಪ್ಪಿತು. ಎಚ್ಚರಿಕೆಯಿಂದ ಜಾರಿ ಮಾಡಿ ಅಂತ ಒಂದು ಬಾಲವನ್ನೂ ಅಂಟಿಸಿತು. ಮುಂದೆ ಬಾಲವೇ ಉದ್ದವಾಯ್ತು.

1923ರಲ್ಲಿ ಎಸ್.ಕೆ. ಬೋಲೆ ಮುಂಬಯಿ ಶಾಸನ ಪರಿಷತ್ತಿನಲ್ಲಿ ಗೊತ್ತುವಳಿ ತಂದರು: ಸಾರ್ವಜನಿಕ ಹಣದ ಕೆರೆ, ಬಾವಿ, ಶಾಲೆ, ದವಾಖಾನೆ ಅಸ್ಪೃಶ್ಯರಿಗೂ ಸೇರಬೇಕು. ಕೊಂಕಣದ ಮಹಾಡ್ ಪುರಸಭೆ 1924ರಲ್ಲಿ ತನ್ನ ಚವದಾರ ಕೆರೆ ಎಲ್ಲರಿಗೂ ಮುಕ್ತ ಎಂದು ಬರೆದುಕೊಂಡಿತು. ಬರೆದುಕೊಂಡಿತು, ಅಷ್ಟೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಹೋಗಿ ಆ ನೀರು ಕುಡಿದರು. ಅವತ್ತೇ ನಮ್ಮವರ ಮೇಲೆ ದೊಣ್ಣೆ ಬಿತ್ತು. ಆಗಸ್ಟ್‌ನಲ್ಲಿ ಪುರಸಭೆ ತನ್ನ ಗೊತ್ತುವಳಿಯನ್ನೇ ನುಂಗಿಕೊಂಡಿತು. ತಡೆಯುವ ಹಕ್ಕು ಮೇಲ್ಜಾತಿಯವರಿಗಿಲ್ಲ ಅಂತ ಹೈಕೋರ್ಟು ಹೇಳೋ ಹೊತ್ತಿಗೆ 1937.

ಇದು ನೀರಿನ ಮಾತಾಯ್ತು. ಔಷಧದ್ದು ಇನ್ನೂ ಕಷ್ಟ, ಅಲ್ಲಿ ಬಾಗಿಲು ತೆರೆದರೆ ಸಾಲದು, ಡಾಕ್ಟರ ಕೈ ಮೈ ಮುಟ್ಟಬೇಕು. 1929ರ ಡಿಸೆಂಬರಿನ 'ಯಂಗ್ ಇಂಡಿಯಾ'ದಲ್ಲಿ ಕಾಠಿಯಾವಾಡದ ಒಬ್ಬ ದಲಿತ ಶಾಲಾ ಮಾಸ್ತರರ ಪತ್ರವಿದೆ. ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಮುಟ್ಟಲೊಲ್ಲ. ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಅವನು ಗಂಡನಿಗೆ, ಗಂಡ ಹೆಂಡತಿಗೆ. ಬಂದ ದಾರಿಯಲ್ಲೇ ವಾಪಸು. ಫೀಜು ಮಾತ್ರ ತಗೊಂಡ. ಆಕೆ ಉಳಿಯಲಿಲ್ಲ.