ಬಣ್ಣ ಬಳಿದ ಮುಖಗಳು, ಕಾರಾಪುರದ ಸಾಬು

ಅಮೆರಿಕದ ಮೂಕಿ ಚಿತ್ರ ‘ದಿ ಬರ್ತ್ ಆಫ್ ಎ ನೇಷನ್’ (1915) ಬಿಳಿಯ ನಟರ ಮುಖಕ್ಕೆ ಮಸಿ ಬಳಿದು ಕಪ್ಪುಜನರನ್ನು ದುಷ್ಟರಂತೆ ತೋರಿಸಿತು. ಕಪ್ಪು ನಿರ್ದೇಶಕ ಆಸ್ಕರ್ ಮಿಶೋ 1920ರ ‘ವಿದಿನ್ ಅವರ್ ಗೇಟ್ಸ್’ನಲ್ಲಿ ತಮ್ಮವರ ಬದುಕನ್ನೂ ಅವರು ಉಂಡ ಹಿಂಸೆಯನ್ನೂ ದಿಟ್ಟವಾಗಿ ತೆರೆಗೆ ತಂದರು.

ಬಣ್ಣ ಬಳಿಯುವ ಚಾಳಿ ಮಾತಿನ ಚಿತ್ರಗಳಲ್ಲೂ ಉಳಿಯಿತು.

ಅಂದಿನ ಮೈಸೂರು ಸಂಸ್ಥಾನದಲ್ಲಿ ಚಿತ್ರೀಕರಣಗೊಂಡ ‘ಎಲಿಫೆಂಟ್ ಬಾಯ್’ (1937) ಚಿತ್ರಕ್ಕೆ, ‘ನಾನೂಕ್’ ಮೂಕಿಚಿತ್ರದ ಖ್ಯಾತಿಯ ರಾಬರ್ಟ್ ಫ್ಲಾಹರ್ಟಿ ತಂಡ ಕಾರಾಪುರದ ಮಾವುತನ ಮಗ ಸಾಬುವನ್ನು ಆರಿಸಿತು. ಆನೆಯೊಂದಿಗೆ ಆ ಹುಡುಗನ ಸಲಿಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಆದರೆ ಚಿತ್ರದ ಮಾವುತ ಮಚುವಾ ಅಪ್ಪನ ಪಾತ್ರ ಇಂಗ್ಲಿಷ್ ನಟ ಅಲನ್ ಜೀಯಸ್ ಪಾಲಾಯಿತು. ನುರಿತ ಮಾವುತರ ನಾಡಿಗೆ ಇದು ಅನ್ಯಾಯವೇ.

1942ರ ‘ಜಂಗಲ್ ಬುಕ್’ನಲ್ಲಿ ಸಾಬು ಮೋಗ್ಲಿಯಾದ, ಹಳ್ಳಿಯ ಬುಲ್ದೇವನ ವೇಷ ಮಾಲ್ಟಾ ಮೂಲದ ಜೋಸೆಫ್ ಕಲಿಯಾ ಅವರದು.